ಅಜ್ಜಿ ಚಂದ್ರಿಕೆ ಹೊರಗಿಟ್ಟ ದಿನ

ನಮ್ಮ ಎದುರಿನ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಕಂಬಗಳು ಎದ್ದು ನಿಂತಿವೆ. ಒಂದೊಂದು ಕಂಬಕ್ಕೂ ಗೋಣಿತಾಟು ಸುತ್ತಿ ಬೆಳಿಗ್ಗೆ ಸಂಜೆ ಪೈಪು ಹಿಡಿದು ನೀರು ಹೊಡೆಯುತ್ತಾರೆ. ಬಿಸಿಲೇರುತ್ತಿದ್ದಂತೆ ಆ ಒದ್ದೆ ಗೋಣಿಯಿಂದ ಒಂದು ವಾಸನೆ ಏಳುತ್ತದೆ. ಸ್ವಲ್ಪ ಹುಳಿ, ಸ್ವಲ್ಪ ಮಣ್ಣು, ಸ್ವಲ್ಪ ಹಸಿರು. ಗೋಣಿಗೆ ಹಸಿರು ವಾಸನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅದು ನನ್ನ ಮೂಗಿನ ತಪ್ಪು. ನಾನು ಹುಟ್ಟಿದ ಮನೆಯಲ್ಲಿ ಒದ್ದೆ ಗೋಣಿ ಎಂದರೆ ಅದರ ಕೆಳಗೆ ಹಿಪ್ಪುನೇರಳೆ ಸೊಪ್ಪು ಇದ್ದೇ ಇರುತ್ತಿತ್ತು. ಸೊಪ್ಪು ಬಾಡಬಾರದೆಂದು ಅಜ್ಜಿ ಗಳಿಗೆಗೊಮ್ಮೆ ಅದರ ಮೇಲೆ ನೀರು ಚಿಮುಕಿಸುತ್ತಿದ್ದಳು. ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತರೆ ಸಾಕು, ಆ ವಾಸನೆ ನನ್ನನ್ನು ಎಳೆದುಕೊಂಡು ಹೋಗಿಬಿಡುತ್ತದೆ. ಕಾಫಿ ಆರಿ ಕೆನೆ ಕಟ್ಟುತ್ತದೆ.

ನಾವು ಮೈಸೂರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಬೆಂಗಳೂರಿನ ಗೆಳತಿಯರು ಫೋನು ಮಾಡುತ್ತಾರೆ. ‘ಹೇಗಿದೆಯೇ ಅಲ್ಲಿ? ನಾವೂ ಬಂದುಬಿಡೋಣ ಅಂತಿದ್ದೀವಿ. ಗಾಳಿ ಚೆನ್ನಾಗಿದೆಯಂತೆ, ಗಲಾಟೆ ಇಲ್ಲವಂತೆ’ ಎನ್ನುತ್ತಾರೆ. ಗಾಳಿಯ ಬಗ್ಗೆ ಹೇಳುತ್ತೇನೆ, ಗಲಾಟೆಯ ಬಗ್ಗೆ ಹೇಳುತ್ತೇನೆ. ಅದಕ್ಕಿಂತ ಮುಂದೆ ಹೇಳಲು ಹೊರಟರೆ ಅಜ್ಜಿಯಿಂದ ಶುರುಮಾಡಬೇಕಾಗುತ್ತದೆ, ಅಷ್ಟು ಹೊತ್ತು ಫೋನು ಹಿಡಿಯುವ ತಾಳ್ಮೆ ಅವರಿಗಿಲ್ಲ. ಊರು ಬದಲಿಸುವುದೆಂದರೆ ಏನು ಎಂಬುದು ನನಗೆ ಗೊತ್ತಾದದ್ದು ಚಿಕ್ಕವಳಿದ್ದಾಗ, ಅಜ್ಜೀಪುರ ಬಿಟ್ಟು ಕೊಳ್ಳೇಗಾಲಕ್ಕೆ ಬಂದಾಗ. ಈಗಿನವರಿಗೆ ಕೊಳ್ಳೇಗಾಲವೆಂದರೆ ದೇವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕಾಫಿಗೆ ನಿಲ್ಲುವ ಊರು. ನಮಗೆ ಅದು ಪ್ಯಾಟೆ. ಅಲ್ಲಿ ದೀಪದ ಕಂಬಗಳು ಬೀದಿಯ ಎರಡೂ ಬದಿಗೆ ಇದ್ದವು, ಅಷ್ಟು ಸಾಕಾಗಿತ್ತು ನಮ್ಮ ಕಣ್ಣಿಗೆ.

ಅಜ್ಜೀಪುರದ ಮನೆ ರೇಷ್ಮೆ ಹುಳುವಿನ ಮನೆ. ಜನ ಅಂಚಿನಲ್ಲಿ, ಹುಳು ನಡುಮನೆಯಲ್ಲಿ. ಹುಳು ಮೇಯುವ ದಿನಗಳಲ್ಲಿ, ಹೊಗೆ ಘಾಟು ಅವಕ್ಕೆ ಆಗದೆಂದು, ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವಂತಿರಲಿಲ್ಲ, ಬೀಡಿ ಸೇದುವವರು ಬೇಲಿಯ ಆಚೆಯೇ ನಿಲ್ಲಬೇಕಿತ್ತು, ನಾವು ಮಕ್ಕಳು ಕೂಗಾಡುವಂತಿರಲಿಲ್ಲ. ಈ ರಾಜ್ಯಕ್ಕೆಲ್ಲ ರಾಣಿ ನಮ್ಮ ಅಜ್ಜಿ, ಅಪ್ಪನ ತಾಯಿ, ಗೌರಮ್ಮ. ಅವಳು ಕೈಯಾರೆ ಸೊಪ್ಪು ಹಾಕಿದರೆ ಹುಳು ಒಂದೂ ಸಾಯುವುದಿಲ್ಲ ಎಂಬ ಹೆಸರಿತ್ತು. ಆಮೇಲೆ ಮನೆ ಭಾಗವಾಯಿತು. ಅಪ್ಪ, ಚಿಕ್ಕಪ್ಪ ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಆದರೆ ನಡುಮನೆಯ ನಡುವೆ ಗೋಡೆ ಎದ್ದ ಮೇಲೆ ಅತ್ತ ಹುಳುವಿಗೂ ಜಾಗವಿಲ್ಲ, ಇತ್ತ ಜನಕ್ಕೂ ಜಾಗವಿಲ್ಲ ಎಂಬಂತಾಯಿತು. ನಮ್ಮ ಅವ್ವ ಮಾದೇವಿ ಅರ್ಧ ಮನೆಯಲ್ಲಿ ಎರಡು ತಿಂಗಳು ಉಸಿರು ಬಿಗಿಹಿಡಿದು ಅಡುಗೆ ಮಾಡಿದಳು. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, ತಲೆ ಎತ್ತದೆ, ಅಪ್ಪನಿಗೆ ಹೇಳಿದಳು. ‘ಪ್ಯಾಟೇಲಿ ಟೆಂಪೋ ಓಡ್ಸೋ ಕೆಲ್ಸ ಅದೆ ಅಂತಿದ್ರಲ್ಲ, ಒಪ್ಕಬುಡಿ. ನಾನೂ ಒಲಿಗೆ ಅಂಗ್ಡಿಗೆ ಓಯ್ತೀನಿ. ಗೋಡೆ ನೋಡ್ಕಂಡು ನನ್ಗೆ ಬಾಳಕ್ಕಾಗಲ್ಲ.’ ಅವ್ವ ಒಮ್ಮೆ ಹೇಳಿದರೆ ಮುಗಿಯಿತು. ಅಪ್ಪ ರೊಟ್ಟಿ ಮುರಿದುಕೊಂಡು ‘ಆಯ್ತು’ ಎಂದ.

ಅಜ್ಜಿ ನಮ್ಮ ಜೊತೆ ಬಂದಳು, ಆದರೆ ಬಂದಂತೆ ಬರಲಿಲ್ಲ. ‘ಮನೆ ಜೋಡ್ಸಿಕೊಟ್ಟು ವಾಪಸ್ ಬಂದ್ಬುಡ್ತೀನಿ’ ಎಂದು ಊರಿಗೆಲ್ಲ ಹೇಳಿಯೇ ಬಸ್ಸು ಹತ್ತಿದಳು. ಅವಳು ಇರಲೇಬೇಕಿತ್ತು. ಅವ್ವ ಬೆಳಿಗ್ಗೆಯಿಂದ ಸಂಜೆಯವರೆಗೆ ಸೀರೆ ಅಂಗಡಿಯವರ ಹೊಲಿಗೆ ಕೋಣೆಯಲ್ಲಿ ಕೂತು ರವಿಕೆ ಹೊಲಿಯಬೇಕು, ಸೆರಗಿಗೆ ಕುಚ್ಚು ಕಟ್ಟಬೇಕು. ಅಪ್ಪ ಗೊಬ್ಬರದ ಅಂಗಡಿಯ ಟೆಂಪೋದಲ್ಲಿ ಹನೂರು, ಯಳಂದೂರು ಎಂದು ಸುತ್ತುತ್ತಿರುತ್ತಾನೆ. ನನ್ನನ್ನೂ ತೊಟ್ಟಿಲಲ್ಲಿದ್ದ ನನ್ನ ತಂಗಿಯನ್ನೂ ನೋಡಿಕೊಳ್ಳಲು ಅಜ್ಜಿ ಬಿಟ್ಟರೆ ಯಾರೂ ಇರಲಿಲ್ಲ. ಅಜ್ಜಿ ಹೊರಟಳೆಂದರೆ ಅವ್ವನ ಹೊಲಿಗೆ ನಿಂತಿತು, ಅವ್ವನ ಹೊಲಿಗೆ ನಿಂತರೆ ಪೇಟೆಯ ಬಾಡಿಗೆ ಮನೆ ನಿಲ್ಲುವುದಿಲ್ಲ, ಮತ್ತೆ ಆ ಗೋಡೆಯೇ ಗತಿ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನಮ್ಮ ಬಾಡಿಗೆ ಮನೆ ಒಂದು ಓಣಿಯಲ್ಲಿತ್ತು. ಮಾಲೀಕರಾದ ರತ್ನಮ್ಮ ಒಂದು ಭಾಗದಲ್ಲಿ, ನಾವು ಪಕ್ಕದ ಭಾಗದಲ್ಲಿ, ಎರಡೂ ಬಾಗಿಲು ಓಣಿಗೇ. ರತ್ನಮ್ಮ ಬೆಳ್ಳಗಿನ ದಪ್ಪನೆಯ ಹೆಂಗಸು, ನಲ್ಲಿ ನೀರು ಬರುವ ಹೊತ್ತನ್ನು ಯಾವ ಗಡಿಯಾರಕ್ಕಿಂತಲೂ ಸರಿಯಾಗಿ ಹೇಳುತ್ತಿದ್ದರು. ಓಣಿಯ ಆಚೆ ಬದಿಯಲ್ಲಿ ಷಹೀದಾ ಎಂಬ ಹೆಂಗಸಿನ ಮನೆ. ಯಳಂದೂರಿನಿಂದ ಮದುವೆಯಾಗಿ ಬಂದು, ಆಗಲೇ ಮಗಳನ್ನೂ ಮದುವೆ ಮಾಡಿ ಕಳಿಸಿದವಳು. ಅವಳ ಗಂಡ ಮನೆಯ ಪಕ್ಕದ ಶೆಡ್ಡಿನಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ ಇಟ್ಟುಕೊಂಡಿದ್ದ, ಅವಳೂ ಅವನ ಜೊತೆಗೆ ಒಲೆಯ ಮುಂದೆ ಕೂರುತ್ತಿದ್ದಳು. ಬೆಂದ ಹುಳುವಿನ ನಾತ ಬೆಳಗಿನಿಂದಲೇ ಓಣಿ ತುಂಬುತ್ತಿತ್ತು. ನಮಗೆ ಎರಡು ದಿನಕ್ಕೆ ರೂಢಿಯಾಯಿತು. ಅಜ್ಜಿಗೆ ಮಾತ್ರ ಆಗಲಿಲ್ಲ. ಅವಳು ಜೀವಮಾನವಿಡೀ ಹುಳು ಸಾಕಿದವಳು, ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಏನಾಗುತ್ತದೆ ಎಂದು ಒಮ್ಮೆಯೂ ಕಣ್ಣಾರೆ ಕಂಡವಳಲ್ಲ. ‘ಸಾಕ್ದೋಳ್ನ ತಂದು ಬೇಯ್ಸೋರ ಬಾಗ್ಲಲ್ಲಿ ಮಡಗ್ದೆಯಲ್ಲ ಮಾದೇವಿ’ ಎಂದು ಮೂಗಿಗೆ ಸೆರಗು ಹಿಡಿದಳು. ಷಹೀದಾ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಅವರ ಮನೆಯಿಂದ ಏನಾದರೂ ಬಂದರೆ ಪಾತ್ರೆಯನ್ನು ಹಾಗೇ ಮುಚ್ಚಿ ಹಿಂದಕ್ಕೆ ಕಳಿಸುತ್ತಿದ್ದಳು. ಅದಕ್ಕೆ ಬೇಯಿಸುವ ನಾತವೊಂದೇ ಕಾರಣವಾಗಿರಲಿಲ್ಲ, ಅಜ್ಜಿಯ ಕಾಲದವರ ಮಡಿ ನಿಮಗೂ ಗೊತ್ತಿರುತ್ತದೆ.

ಹಳ್ಳಿಯೂ ಅಲ್ಲದ, ನಗರವೂ ಅಲ್ಲದ ನಡುವಿನ ಊರಿನ ಕಷ್ಟವೇ ಬೇರೆ. ಹಳ್ಳಿಯಲ್ಲಿ ನಾವು ಯಾರ ಮನೆಯವರು ಎಂದು ನಾಯಿಗೂ ಗೊತ್ತಿರುತ್ತದೆ. ದೊಡ್ಡ ನಗರದಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಅದೂ ಒಂದು ಧೈರ್ಯವೇ. ಕೊಳ್ಳೇಗಾಲದಂಥ ಊರಿನಲ್ಲಿ ನಾವು ಅರ್ಧ ಮಾತ್ರ ಗೊತ್ತು. ಅಂಗಡಿಯವನಿಗೆ ನಮ್ಮ ಮುಖ ಗೊತ್ತು, ಹೆಸರು ಗೊತ್ತಿಲ್ಲ. ಟೀಚರಿಗೆ ಹೆಸರು ಗೊತ್ತು, ಮನೆ ಗೊತ್ತಿಲ್ಲ. ಪಕ್ಕದವರು ನಕ್ಕು ‘ಊಟ ಆಯ್ತಾ’ ಎನ್ನುತ್ತಾರೆ, ಆಗಿಲ್ಲ ಎಂದರೆ ಏನು ಮಾಡಬೇಕೆಂದು ಅವರಿಗೂ ತಿಳಿಯದು, ನಮಗೂ ತಿಳಿಯದು. ಶಾಲೆಯಲ್ಲಿ ನಾನು ‘ಬೆಟ್ಟದ ಕಡೆಯೋಳು’ ಆದೆ. ಹಾಗೆ ಕರೆದವರ ಅಜ್ಜಿ ತಾತಂದಿರೂ ನಮ್ಮ ಆಚೀಚೆ ಊರಿನವರೇ, ಒಂದು ತಲೆಮಾರು ಮುಂಚೆ ಬಸ್ಸು ಹತ್ತಿದ್ದರು ಅಷ್ಟೆ. ಮೊದಲ ವಾರ ಅವ್ವ ಕೊತ್ತಂಬರಿಯ ಜೊತೆ ಕರಿಬೇವನ್ನೂ ದುಡ್ಡು ಕೊಟ್ಟು ತಂದಾಗ ಅಜ್ಜಿ ಆ ಎಸಳನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತಿದ್ದಳು. ಹಿತ್ತಿಲಲ್ಲಿ ಆಡು ಮೇಯುತ್ತಿದ್ದ ಗಿಡ ಅದು. ಅವತ್ತಿನ ಸಾರನ್ನು ಅವಳು ಉಣ್ಣಲಿಲ್ಲ.

ದಿನಾ ಮಧ್ಯಾಹ್ನ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಜ್ಜಿ ಓಣಿಯ ಬಾಯಿಗೆ ಹೋಗಿ ನಿಲ್ಲುತ್ತಿದ್ದಳು. ಬೆಟ್ಟದ ಬಸ್ಸುಗಳು ಅಲ್ಲಿಂದ ಕಾಣುತ್ತಿದ್ದವು. ಹನೂರಿನ ಮೇಲೆ, ಅಜ್ಜೀಪುರದ ಮೇಲೆ ಹೋಗುವ ಬಸ್ಸುಗಳು. ಬಸ್ಸು ತಿರುವಿನಲ್ಲಿ ನಿಧಾನವಾದರೆ ಕಿಟಕಿಯಲ್ಲಿ ಕೂತವರಲ್ಲಿ ಯಾರಾದರೂ ಗುರುತಿನವರು ಇದ್ದಾರೇನೋ ಎಂದು ಹುಡುಕುತ್ತಿದ್ದಳು. ಇದ್ದರೆ ‘ನಮ್ ಕಡೆ ಮಳೆಯಾಯ್ತಾ, ಯಾರ್ ಮನೇಲಿ ಉಳ ಎಷ್ಟನೇ ಜ್ವರ’ ಎಂದು ಕೂಗುತ್ತಿದ್ದಳು. ರೇಷ್ಮೆ ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಬಸ್ಸಿನವರು ಉತ್ತರ ಹೇಳುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಅವಳು ಬಡವಾಗುತ್ತಿದ್ದಳು. ಮುದುಕಿ ಕೆಲಸವಿಲ್ಲದೆ ಕೂತರೆ ಕೈಗಳು ಮೊದಲು ಒಣಗುತ್ತವೆ. ಅವಳ ಅಂಗೈಯಲ್ಲಿ ಸದಾ ಇರುತ್ತಿದ್ದ ಸೊಪ್ಪಿನ ಕರೆ ಹೋಗಿ ಬೆರಳು ಬಿಳಿಚಿಕೊಂಡಿದ್ದನ್ನು ನಾನೂ ನೋಡಿದ್ದೆ. ಕೊನೆಗೆ ಚಿಕ್ಕಪ್ಪನಿಗೆ ಹೇಳಿಕಳಿಸಿಯೇ ಬಿಟ್ಟಳು, ಬಂದು ಕರೆದುಕೊಂಡು ಹೋಗು ಎಂದು.

ಅವ್ವ ಅತ್ತು ಕರೆದು ಮಾಡುವವಳಲ್ಲ. ವಿಷಯ ತಿಳಿದ ಸಂಜೆ ಅಜ್ಜಿಯ ಮುಂದೆ ಕಾಫಿ ಇಟ್ಟು ಕೂತಳು. ‘ಓಗಿ ಅತ್ತೆ, ಬ್ಯಾಡ ಅನ್ನಲ್ಲ. ಒಂದು ಬೆಳೆ ಉಳ ಮೇಯ್ಸಿಕೊಟ್ಟು ಓಗಿ. ಮುಂದಲ ರೂಮು ಖಾಲಿ ಬಿದ್ದದೆ. ಮಧುವನಹಳ್ಳೀಲಿ ಸೊಪ್ಪು ಸಿಕ್ತದೆ, ಇವರು ಟೆಂಪೋದಲ್ಲಿ ತತ್ತಾರೆ.’ ಅಜ್ಜಿ ಅವಳನ್ನು ಅನುಮಾನದಿಂದ ನೋಡಿದಳು. ‘ಪ್ಯಾಟೆ ಮನೇಲಿ ಉಳುನಾ? ಈ ನಾತದಲ್ಲಾ? ಎಲ್ಡ್ ದಿನ ಬದುಕಲ್ಲ ಅವು.’ ಅವ್ವ ಲೋಟ ಎತ್ತಿಕೊಂಡು ಎದ್ದಳು. ‘ನಿಮ್ ಕೈಯಲ್ಲಿ ಸತ್ತವೆ ಅಂದ್ರೆ ನಾನ್ ನಂಬಲ್ಲ’ ಎಂದಳು. ಅದು ಅಜ್ಜಿಗೆ ಚುಚ್ಚಿತು. ಚುಚ್ಚಲಿ ಎಂದೇ ಹೇಳಿದ್ದು.

ಚಾಕಿ ಹುಳು, ಅಂದರೆ ಎಳೆಯ ಮರಿಹುಳು ಬಂತು, ಒಂದು ಬುಟ್ಟಿಯ ತಳದಲ್ಲಿ ಹುಡಿಯ ಹಾಗೆ. ಮುಂದಿನ ರೂಮಿನ ಕಿಟಕಿಗೆ ಸೊಳ್ಳೆ ಪರದೆ ಬಿಗಿದೆವು, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರದಂತೆ. ಗೋಡೆಗೆ ಸುಣ್ಣ ಹೊಡೆದೆವು. ಮಧುವನಹಳ್ಳಿಯ ಸೊಪ್ಪು ಟೆಂಪೋದಲ್ಲಿ ಬಂದಿಳಿದು ಒದ್ದೆ ಗೋಣಿಯ ಕೆಳಗೆ ಸೇರಿತು. ಅಜ್ಜಿ ಸೀರೆ ಎತ್ತಿ ಕಟ್ಟಿದಳು. ಮಾರನೆಯ ದಿನದಿಂದ ಓಣಿಗೆ ಅವಳ ಕಾನೂನು ಜಾರಿಗೆ ಬಂತು. ರತ್ನಮ್ಮನ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಊದುಬತ್ತಿ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಹಚ್ಚಬೇಕು. ರತ್ನಮ್ಮ ‘ಇದೇನ್ರೀ ಮಾದೇವಿ, ನಮ್ಮನೇಲಿ ನಾವು ಸೊಳ್ಳೆ ಕಚ್ಚಿಸ್ಕೊಂಡು ಮಲಗಬೇಕಾ?’ ಎಂದರು. ಅವ್ವ ಏನು ಹೇಳಿ ಒಪ್ಪಿಸಿದಳೋ, ಎರಡು ರವಿಕೆ ಪುಕ್ಕಟೆ ಹೊಲಿದುಕೊಟ್ಟಳೋ, ಸೊಳ್ಳೆಬತ್ತಿ ನಿಂತಿತು. ಹುಳು ಜ್ವರಕ್ಕೆ ಕೂತವು, ಎದ್ದವು, ಮತ್ತೆ ಕೂತವು, ಮತ್ತೆ ಎದ್ದವು. ನಾಲ್ಕನೇ ಜ್ವರ ಕಳೆದ ಮೇಲೆ ಅವು ಸೊಪ್ಪು ಕಡಿಯುವ ಸದ್ದು ರೂಮಿನಾಚೆಗೂ ಕೇಳುತ್ತಿತ್ತು. ತಂಗಿ ಆ ಸದ್ದಿಗೆ ನಿದ್ದೆ ಹೋಗುತ್ತಿದ್ದಳು. ಅಜ್ಜಿಯ ಬೆರಳಿಗೆ ಮತ್ತೆ ಹಸಿರು ಬಂತು. ಅವಳು ಬಸ್ಸು ನೋಡಲು ಹೋಗುವುದನ್ನು ಮರೆತಳು, ಆದರೆ ಊರಿಗೆ ಹೋಗುವುದನ್ನು ಮರೆಯಲಿಲ್ಲ. ‘ಗೂಡು ಬಿಡುಸುದ ದಿನವೇ ಊರ್ಗೆ ಒಂಟ್ಬುಡ್ತೀನಿ’ ಎಂದು ನನಗೇ ಎಷ್ಟು ಸಲ ಹೇಳಿದಳೋ.

ಹುಳು ಹಣ್ಣಾಗುವುದೆಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ಮೇದು ಮೇದು ಕೊನೆಗೆ ಹುಳುವಿನ ಮೈ ಹಳದಿಗೆ ತಿರುಗುತ್ತದೆ, ಬೆಳಕಿಗೆ ಹಿಡಿದರೆ ಒಳಗೆ ಕಾಣುವಂತಾಗುತ್ತದೆ, ಸೊಪ್ಪು ಬಿಟ್ಟು ತಲೆ ಎತ್ತಿ ಆಡಿಸತೊಡಗುತ್ತದೆ. ಆಗ ಒಂದೊಂದನ್ನೂ ಕೈಯಿಂದ ಆಯ್ದು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟಿ, ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ. ಆ ಸುರುಳಿಯ ಸಂದಿನಲ್ಲಿ ಹುಳು ಗೂಡು ಕಟ್ಟುತ್ತದೆ. ಎಲ್ಲವೂ ಒಟ್ಟಿಗೆ ಹಣ್ಣಾಗುವುದರಿಂದ ಒಂದು ಮನೆಯ ಕೈಗಳು ಸಾಲುವುದಿಲ್ಲ. ಅಜ್ಜೀಪುರದಲ್ಲಿ ಆ ದಿನ ಯಾರೂ ಯಾರನ್ನೂ ಕರೆಯುವುದಿಲ್ಲ. ಬೆಳಿಗ್ಗೆ ಚಂದ್ರಿಕೆಗಳನ್ನು ಹೊರಗೆ ತಂದು ಬಿಸಿಲಿಗೆ ನಿಲ್ಲಿಸಿ, ಬಾಗಿಲು ಪೂರ್ತಿ ತೆರೆದು ಕೂತರೆ ಆಯಿತು. ದಾರಿಯಲ್ಲಿ ಹೋಗುವವರು ಚಂದ್ರಿಕೆ ಕಂಡು, ಹೊಲಕ್ಕೆ ಹೊರಟವರೂ ಕುಡುಗೋಲು ಮೂಲೆಗಿಟ್ಟು, ಕೈ ತೊಳೆದು ಒಳಗೆ ಬರುತ್ತಾರೆ. ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಇವತ್ತು ನೀನು ನಮ್ಮ ಮನೆಗೆ, ನಾಳೆ ನಾನು ನಿಮ್ಮ ಮನೆಗೆ. ಬಾಯಿಬಿಟ್ಟು ಕರೆದರೆ ಅದು ಕೂಲಿಗೆ ಕರೆದಂತೆ, ಅವಮಾನ ಮಾಡಿದಂತೆ.

ಕೊಳ್ಳೇಗಾಲದ ಓಣಿಯಲ್ಲಿ ಅಜ್ಜಿ ಅದನ್ನೇ ಮಾಡಿದಳು. ಮಧುವನಹಳ್ಳಿಯಿಂದ ತಂದಿದ್ದ ಚಂದ್ರಿಕೆಗಳನ್ನು ಬೆಳಿಗ್ಗೆಯೇ ಹೊರಗೆ ತಂದು ಗೋಡೆಗೆ ಒರಗಿಸಿದಳು. ಬಾಗಿಲು ತೆರೆದಿಟ್ಟು ಹೊಸ್ತಿಲ ಬಳಿ ಕೂತಳು. ಜನ ಬಂದರು, ಹೋದರು. ಹಾಲಿನವನು ಚಂದ್ರಿಕೆಯನ್ನು ಬಳಸಿಕೊಂಡು ಹೋದ. ರತ್ನಮ್ಮನ ಗಂಡ ‘ಅಜ್ಜಿ, ಇದನ್ನ ಸ್ವಲ್ಪ ಆ ಕಡೆ ಸರಿಸಿ, ಸ್ಕೂಟರ್ ತೆಗೀಬೇಕು’ ಎಂದು ತಾವೇ ಸರಿಸಿ ಸ್ಕೂಟರು ತೆಗೆದುಕೊಂಡು ಹೋದರು. ಷಹೀದಾ ಎದುರಿನಿಂದ ಒಮ್ಮೆ ನೋಡಿ ಒಲೆಗೆ ಹಿಂದಿರುಗಿದಳು. ಒಳಗೆ ತಟ್ಟೆಗಳಲ್ಲಿ ಹುಳು ತಲೆ ಆಡಿಸತೊಡಗಿದ್ದವು. ಅಜ್ಜಿಯೂ ನಾನೂ ಆಯುತ್ತಿದ್ದೆವು, ನನಗೆ ಅವತ್ತು ಶಾಲೆಗೆ ರಜಾ. ಇಬ್ಬರ ಕೈಗೆ ಎಷ್ಟು ನೀಗುತ್ತದೆ? ಬಿಸಿಲೇರಿದಂತೆ ಹುಳು ತಟ್ಟೆಯ ಅಂಚು ಹತ್ತಿದವು, ಗೋಡೆ ಹತ್ತಿದವು, ಕೆಲವು ಸೊಳ್ಳೆ ಪರದೆಯ ಮಡಿಕೆಯಲ್ಲೇ ನೂಲು ಬಿಡತೊಡಗಿದವು. ‘ರತ್ನಮ್ಮೋರ್ನ ಕರೀಲಾ ಅಜ್ಜಿ?’ ಎಂದೆ. ‘ಕರೀಬೇಡ’ ಎಂದಳು. ಎದ್ದು ಬಾಗಿಲಿಗೆ ಹೋಗಿ ಓಣಿಯ ಎರಡೂ ಕಡೆ ನೋಡಿ ಬಂದಳು. ಆ ಮುಖ ನಾನು ಮರೆತಿಲ್ಲ. ಗಂಡ ಸತ್ತ ದಿನವೂ ಮನೆ ತುಂಬ ಜನ ಇದ್ದ ಹೆಂಗಸು ಅವಳು. ಒಬ್ಬರೂ ಬಾರದ ಬಾಗಿಲನ್ನು ಮೊದಲ ಸಲ ನೋಡುತ್ತಿದ್ದಳು.

ಮಧ್ಯಾಹ್ನ ಊಟಕ್ಕೆಂದು ಬಂದ ಅವ್ವ ಬಾಗಿಲಲ್ಲೇ ನಿಂತಳು. ಹೊರಗಿನ ಚಂದ್ರಿಕೆ ನೋಡಿದಳು, ಗೋಡೆಯ ಮೇಲಿನ ಹುಳು ನೋಡಿದಳು, ಅವಳಿಗೆ ಎಲ್ಲ ಅರ್ಥವಾಯಿತು. ಕೈಚೀಲ ಕೆಳಗಿಟ್ಟು ಸೆರಗು ಸಿಕ್ಕಿಸಿದಳು.

‘ಬ್ಯಾಡ ಮಾದೇವಿ. ಕರುದು ಕರ್ಕಬರಕೆ ಅವರೇನ್ ಕೂಲಿಯವ್ರಾ? ಮಾನ ಓಯ್ತದೆ’ ಎಂದಳು ಅಜ್ಜಿ.

‘ಓದ್ರೆ ಓಗ್ಲಿ ಅತ್ತೆ. ಚಂದ್ರಿಕೆ ಕಂಡ್ರೆ ಒಳಿಕ್ ಬರ್ಬೇಕು ಅಂತ ಈ ಊರೋರ್ಗೆ ಯಾರು ಏಳ್ಕೊಟ್ಟವ್ರೆ? ಬಾಯಲ್ಲಿ ಕರುದ್ರೆ ಬತ್ತಾರೋ ಇಲ್ವೋ ನೋಡೇಬುಡ್ತೀನಿ’ ಎಂದು ಅವ್ವ ಹೊರಟಳು.

ಮೊದಲು ರತ್ನಮ್ಮನ ಬಾಗಿಲು, ಆಮೇಲೆ ಷಹೀದಾಳ ಬಾಗಿಲು, ಆಮೇಲೆ ನಮಗೆ ಹೆಸರೂ ಗೊತ್ತಿಲ್ಲದ ಇನ್ನೆರಡು ಬಾಗಿಲು. ನಾನು ಹಿಂದೆಯೇ ಇದ್ದೆ. ಅವ್ವ ಬೇಡಲಿಲ್ಲ. ‘ಉಳ ಹಣ್ಣಾಗವೆ, ಕೈ ಸಾಲ್ತಿಲ್ಲ, ಬನ್ನಿ’ ಎಂದಳು, ಎಲ್ಲ ಕಡೆಯೂ ಅಷ್ಟೇ. ರತ್ನಮ್ಮ ಹುಳು ಎಂದರೆ ನಡುಗುವವರು. ಎರಡೂ ಕೈಗೆ ಪ್ಲಾಸ್ಟಿಕ್ ಕವರು ಹಾಕಿ ಮಣಿಕಟ್ಟಿಗೆ ರಬ್ಬರ್ ಬ್ಯಾಂಡು ಬಿಗಿದುಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡೇ ಬಂದರು. ಷಹೀದಾ ಬೇಯುತ್ತಿದ್ದ ಗೂಡನ್ನು ಹಾಗೇ ಬಿಟ್ಟು, ಒಲೆ ಆರಿಸಿ ಬಂದಳು. ಬಾಗಿಲಲ್ಲಿ ನಿಂತು ‘ಕೈ ತೊಳ್ದು ಬಂದೀನಿ ಅಜ್ಜಿ, ಒಳಗ್ ಬರ್ಲಾ’ ಎಂದಳು. ಅಜ್ಜಿ ಅವಳ ಮುಖ ನೋಡಿದಳು, ಗೋಡೆ ಹತ್ತುತ್ತಿದ್ದ ಹುಳು ನೋಡಿದಳು. ‘ಬಾವ್ವ’ ಎಂದಳು. ಷಹೀದಾ ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದಳು. ‘ಹುಟ್ಟಿದಾಗಿಂದ ಗೂಡು ನೋಡೀನಿ. ಜೀವ ಇರೋದನ್ನ ನೋಡಿದ್ದು ಇವತ್ತೇ’ ಎಂದು ಮೆಲ್ಲಗೆ ಹೇಳಿದಳು. ಅಜ್ಜಿ ಅವಳ ಪಕ್ಕದಲ್ಲೇ ಕೂತು ಒಂದು ಸುರುಳಿಗೆ ಎಷ್ಟು ಬಿಡಬೇಕೆಂದು ತೋರಿಸಿಕೊಟ್ಟಳು. ಹೆಸರು ಗೊತ್ತಿಲ್ಲದ ಆ ಎರಡು ಮನೆಯ ಹೆಂಗಸರೂ ಬಂದು ಸೇರಿಕೊಂಡರು. ಹೊತ್ತು ಇಳಿಯುವಷ್ಟರಲ್ಲಿ ಎಲ್ಲ ಹುಳುವೂ ಚಂದ್ರಿಕೆ ಸೇರಿದ್ದವು. ರತ್ನಮ್ಮ ಕವರು ಬಿಚ್ಚಿ, ಕೊನೆಯದೊಂದನ್ನು ಬರಿಗೈಯಲ್ಲಿ ಎತ್ತಿ ಬಿಟ್ಟು, ಕೈಯನ್ನು ಸೋಪು ಹಾಕಿ ಹಾಕಿ ತೊಳೆದರು.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹೋದ ಮೇಲೆ, ಹೇಳಿದಂತೆಯೇ ಚಿಕ್ಕಪ್ಪ ಬಂದ. ಅವ್ವ ಅವನಿಗೆ ಊಟ ಬಡಿಸಿದಳು, ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಚಿಕ್ಕಪ್ಪ ಕೈ ತೊಳೆದು ‘ನಡಿಯವ್ವ, ಬಸ್ಸು ಬರೊತ್ತಾಯ್ತು’ ಎಂದ.

ಅಜ್ಜಿ ಅಲ್ಲಾಡಲಿಲ್ಲ. ‘ಎಂಗ್ಲಾ ಬರ್ಲಿ? ಆ ರತ್ನಮ್ಮ ಉಳ ಕಂಡ್ರೆ ಸಾಯೋಳು, ಕೈಗೆ ಕವರ್ ಕಟ್ಕಂಡು ಬಂದು ಆಯ್ಕೊಟ್ಟವ್ಳೆ. ಷಹೀದಾ ಒಲೆ ಆರ್ಸಿ ಬಂದವ್ಳೆ. ಮುಯ್ಯಾಳು ತೀರ್ಸ್ದೆ ಬಸ್ಸತ್ತಿದ್ರೆ ನಿಮ್ಮಪ್ಪನ ಎಸ್ರು ಏನಾದದು?’

‘ಅವ್ರ ಮನೇಲಿ ಉಳ ಇಲ್ವಲ್ಲವ್ವ, ಏನ್ ತೀರ್ಸ್ತೀಯ?’

‘ರತ್ನಮ್ಮ ಶಾವ್ಗೆ ಒತ್ಬೇಕು ಅಂತಿದ್ಲು. ಷಹೀದಾ ಮಗ್ಳು ಬಾಣಂತನಕ್ಕೆ ಬತ್ತಾವ್ಳೆ. ಮುಗುಸ್ಕಂಡು ಬತ್ತೀನಿ, ನೀನ್ ನಡಿ.’

ಚಿಕ್ಕಪ್ಪ ಒಬ್ಬನೇ ಹೋದ. ಅವ್ವ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆಗಳನ್ನು ಆಚೆಯಿಂದ ಈಚೆ ಜೋಡಿಸಿದಳು. ಅವಳು ಅಳುವುದನ್ನು ನಾನು ನೋಡಬಾರದೆಂದು ಬೆನ್ನು ತಿರುಗಿಸಿದ್ದಳು, ಆದರೂ ನೋಡಿದೆ.

ಮುಯ್ಯಾಳಿನ ಲೆಕ್ಕ ಎಂದೂ ಸರಿಹೋಗಲಿಲ್ಲ. ಅಜ್ಜಿ ಶಾವಿಗೆ ಒತ್ತಿದರೆ ರತ್ನಮ್ಮ ನನ್ನ ತಂಗಿಯ ಹುಟ್ಟುಹಬ್ಬಕ್ಕೆ ಹೋಳಿಗೆ ತಟ್ಟಲು ಬಂದರು. ಅಜ್ಜಿ ಷಹೀದಾಳ ಮೊಮ್ಮಗುವಿಗೆ ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಲೋಬಾನದ ಹೊಗೆ ಹಾಕಿ ಮಲಗಿಸಿದರೆ, ನಮ್ಮ ಮನೆಗೆ ಸುಣ್ಣ ಹೊಡೆಯುವಾಗ ಷಹೀದಾಳ ಗಂಡ ಏಣಿ ಹೊತ್ತು ಬಂದ. ಒಂದು ತೀರುವಷ್ಟರಲ್ಲಿ ಇನ್ನೊಂದು ಹುಟ್ಟುತ್ತಿತ್ತು. ಹುಟ್ಟದಿದ್ದರೆ ಅಜ್ಜಿಯೇ ಹುಟ್ಟಿಸುತ್ತಿದ್ದಳೇನೋ ಎಂದು ನನಗೆ ಈಗ ಅನುಮಾನ. ಯಾವ ದಿನ ಅವಳು ಷಹೀದಾಳ ಮನೆಯಲ್ಲಿ ಮೊದಲ ಸಲ ಟೀ ಕುಡಿದಳೋ ಯಾರೂ ಗಮನಿಸಲಿಲ್ಲ. ಬೆಂದ ಹುಳುವಿನ ನಾತಕ್ಕೆ ಮಾತ್ರ ಕೊನೆಯವರೆಗೂ ಮೂಗಿಗೆ ಸೆರಗು ಹಿಡಿಯುತ್ತಿದ್ದಳು, ಹಿಡಿದುಕೊಂಡೇ ಒಲೆಯ ಪಕ್ಕ ಕೂತು ಹರಟುತ್ತಿದ್ದಳು. ವರ್ಷಕ್ಕೊಂದೆರಡು ಬೆಳೆ ಹುಳು ಮೇಯಿಸುವುದು ಮನೆಯ ಪದ್ಧತಿಯಾಯಿತು. ನಾನು ಅದೇ ರೂಮಿನ ಮೂಲೆಯಲ್ಲಿ, ಆ ಸೊಪ್ಪು ಕಡಿಯುವ ಸದ್ದಿನಲ್ಲಿ, ಎಸ್ಸೆಸ್ಸೆಲ್ಸಿಗೆ ಓದಿದೆ.

ಆ ಓಣಿ ಈಗ ಇಲ್ಲ. ಹೋದ ಸಲ ಕೊಳ್ಳೇಗಾಲಕ್ಕೆ ಹೋದಾಗ ನೋಡಿಬಂದೆ. ರತ್ನಮ್ಮ ತೀರಿಕೊಂಡ ಮೇಲೆ ಮನೆ ಮಾರಾಟವಾಗಿ, ಕೆಳಗೆ ಅಂಗಡಿಗಳು, ಮೇಲೆ ರೂಮುಗಳು ಎದ್ದಿವೆ. ಷಹೀದಾ ಮಗಳ ಜೊತೆ ರಾಮನಗರ ಸೇರಿದಳು. ಶೆಡ್ಡಿನ ಜಾಗದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಅವ್ವ ಅಪ್ಪ ಊರ ಹೊರಗಿನ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು, ಕರಿಬೇವಿನ ಗಿಡ ಹಾಕಿಕೊಂಡು ಗಟ್ಟಿಯಾಗಿದ್ದಾರೆ. ಅಂಗಡಿಯ ಮುಂದೆ ನಿಂತು ನಮ್ಮ ಹುಳುವಿನ ರೂಮು ಎಲ್ಲಿತ್ತೆಂದು ಅಂದಾಜು ಮಾಡಲು ನೋಡಿದೆ. ಬಾಗಿಲು ಎಲ್ಲಿತ್ತು, ಹೊಸ್ತಿಲು ಎಲ್ಲಿತ್ತು, ಒಂದೂ ತಿಳಿಯಲಿಲ್ಲ. ಮೂಗಿಗೆ ಯಾವ ನಾತವೂ ಬರಲಿಲ್ಲ. ಅದಕ್ಕೇ ಹೆಚ್ಚು ಸಂಕಟವಾಯಿತು. ಕಳೆದ ಮನೆಯನ್ನು ಹುಡುಕಿಕೊಂಡು ಹೋಗಿ ಹೀಗೆ ಬೆಪ್ಪಾಗಿ ನಿಂತವರು ನಿಮ್ಮಲ್ಲೂ ಇರಬಹುದು.

ಅಜ್ಜಿ ಸತ್ತದ್ದು ಅಜ್ಜೀಪುರದಲ್ಲಿ. ಚಿಕ್ಕಪ್ಪನ ಮಗನ ಮದುವೆಗೆಂದು ಹೋದವಳು, ಮದುವೆ ಮುಗಿಸಿ, ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ನಾನಾಗ ಕಾಲೇಜಿನಲ್ಲಿದ್ದೆ. ಹೊಲದಲ್ಲಿ ತಾತನ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಿದರು. ನನಗೆ ಅಳು ಬರಲಿಲ್ಲ. ಹನ್ನೊಂದನೆಯ ದಿನ ಶಿವಗಣಾರಾಧನೆ, ಸತ್ತವರ ಹೆಸರಿನಲ್ಲಿ ಊರಿಗೆಲ್ಲ ಊಟ. ಬೆಳಿಗ್ಗೆಯ ಮೊದಲ ಬಸ್ಸು ಬಂದು ನಿಂತಾಗ ನಾನು ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದೆ. ಬಸ್ಸಿನಿಂದ ರತ್ನಮ್ಮ ಇಳಿದರು, ಷಹೀದಾ ಇಳಿದಳು, ಓಣಿಯ ಇನ್ನಿಬ್ಬರು ಇಳಿದರು. ಒಬ್ಬೊಬ್ಬರ ಕಂಕುಳಲ್ಲೂ ಬಟ್ಟೆ ಸುತ್ತಿದ ಒಂದೊಂದು ಈಳಿಗೆಮಣೆ. ಅವ್ವ ಯಾವ ದಿನವೆಂದು ಹೇಳಿದ್ದಳೇ ಹೊರತು ಬನ್ನಿ ಎಂದು ಯಾರನ್ನೂ ಕರೆದಿರಲಿಲ್ಲ, ಅಷ್ಟು ದೂರ ಯಾಕೆ ತೊಂದರೆ ಎಂದು. ಅವರು ಯಾರನ್ನೂ ಏನನ್ನೂ ಕೇಳದೆ ಹಿತ್ತಿಲಿಗೆ ಬಂದು, ಕೈಕಾಲು ತೊಳೆದು, ತರಕಾರಿ ರಾಶಿಯ ಮುಂದೆ ಸಾಲಾಗಿ ಕೂತು ಕುಂಬಳಕಾಯಿ ಹೆಚ್ಚತೊಡಗಿದರು.

ನಮ್ಮ ದಾಯಾದಿಯ ದೊಡ್ಡಮ್ಮ ಒಬ್ಬಳಿದ್ದಳು, ಊರಿನಲ್ಲಿ ಅವಳ ಮಾತಿಗೆ ಎಲ್ಲರೂ ಅಂಜುತ್ತಿದ್ದರು. ಅವಳು ಆ ಸಾಲನ್ನು ನೋಡುತ್ತಾ ಬಂದು ಷಹೀದಾಳ ಮುಂದೆ ನಿಂತುಬಿಟ್ಟಳು. ತಲೆಯ ಮೇಲಿನ ಸೆರಗು ನೋಡಿದಳು, ಬರಿಯ ಹಣೆ ನೋಡಿದಳು. ಷಹೀದಾಳ ಕೈ ನಿಂತಿತು. ‘ಮಾದೇವಿ, ಯಾರವ್ವ ಇವ್ಳು? ಯಾರ ಪೈಕಿ?’ ಎಂದಳು ದೊಡ್ಡಮ್ಮ. ಅವ್ವ ಒಲೆಯ ಬಳಿ ಅಕ್ಕಿ ತೊಳೆಯುತ್ತಿದ್ದಳು. ಆ ಹಿತ್ತಿಲು ಅವಳು ಸೊಸೆಯಾಗಿ ಕಾಲಿಟ್ಟ ಹಿತ್ತಿಲು, ಸುತ್ತ ನಿಂತವರೆಲ್ಲ ಅವಳ ಗಂಡನ ಊರಿನವರು, ಅವಳ ಮದುವೆಗೆ ಅಕ್ಷತೆ ಹಾಕಿದವರು. ಅವಳು ಕೈ ನಿಲ್ಲಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ.

‘ನಮ್ಮೂರೋರು ಕಣಕ್ಕ’ ಎಂದಳು.

ದೊಡ್ಡಮ್ಮ ಆಚೆಗೆ ಹೋದಳು. ಷಹೀದಾ ತಲೆ ಬಗ್ಗಿಸಿ ಮತ್ತೆ ಹೆಚ್ಚತೊಡಗಿದಳು. ಮಣ್ಣು ಹಾಕಿದ ದಿನ ಬಾರದಿದ್ದ ಅಳು ನನಗೆ ಆಗ ಬಂತು. ಅಳುತ್ತಲೇ ಒಂದು ಈಳಿಗೆಮಣೆ ಎಳೆದುಕೊಂಡು ಅವರ ಸಾಲಿನಲ್ಲಿ ಕೂತೆ.